ಆರು ತುಂಬುವ ಮುನ್ನ ಮನೆಯೇ ಶಾಲೆ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳ ಜಿಲ್ಲಾವಾರು ಪಟ್ಟಿಯಲ್ಲಿ ‘ಮಧುಗಿರಿ’ ಎಂಬ ಹೆಸರು ಕಾಣುತ್ತದೆ. ರಾಜ್ಯದ ಭೂಪಟದಲ್ಲಿ ಇಂಥದೊಂದು ಜಿಲ್ಲೆ ಇಲ್ಲವಲ್ಲ ಎಂದು ಬೆಂಗಳೂರಿನ ಓದುಗರು ಅಚ್ಚರಿಪಡುವುದುಂಟು. ತುಮಕೂರು ಕಂದಾಯ ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ರಚಿಸಿಕೊಂಡಿರುವ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಇದು. ಹತ್ತನೆಯ ತರಗತಿಯ ಶೇಕಡಾವಾರು ಫಲಿತಾಂಶ ಏರಿತೇ ಇಳಿಯಿತೇ ಎಂದು ಪ್ರತಿ ವರ್ಷವೂ ಚರ್ಚೆಯಾಗುತ್ತದೆ. ಆದರೆ ಅದೇ ಮಗು ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಅಂದರೆ ನಾಲ್ಕೈದು ವರ್ಷದ ವಯಸ್ಸಿನಲ್ಲಿ, ಎಲ್ಲಿತ್ತು, ಯಾರೊಡನೆ ಮಾತನಾಡುತ್ತಿತ್ತು, ಏನನ್ನು ಕಲಿಯುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಈ ಪ್ರಶ್ನೆಗೆ ಈಗ ವಿಶೇಷ ಮಹತ್ವ ಬಂದಿದೆ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಆಕ್ಷೇಪದ ನಂತರ ಅದರ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಿತು. ಆ ಸಾಲು ಬಂದಾಗ, 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಅದೊಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಸಡಿಲಿಸಿತು. ನಿಯಮ ಹೀಗೆ ಹಿಂದೆ ಮುಂದೆ ಸರಿದಾಗಲೆಲ್ಲ ವಯಸ್ಸು ಕೆಲವೇ ತಿಂಗಳು ಕಡಿಮೆ ಬಿದ್ದ ಮಕ್ಕಳ ತಂದೆ-ತಾಯಂದಿರು ಕೇಳುವುದು ಒಂದೇ ಮಾತು: ‘ಈ ಒಂದು ವರ್ಷ ಮಗುವನ್ನು ಏನು ಮಾಡುವುದು?’ ಮತ್ತೆ ಶುಲ್ಕ ಕಟ್ಟಿ ಯುಕೆಜಿಯಲ್ಲೇ ಕೂರಿಸುವುದೋ, ಅಂಗನವಾಡಿಗೆ ಕಳುಹಿಸುವುದೋ, ಮನೆಯಲ್ಲೇ ಇಟ್ಟುಕೊಂಡು ಕಲಿಸುವುದೋ?

ಮೂರನೆಯ ದಾರಿಯನ್ನು ಇಂಗ್ಲಿಷಿನಲ್ಲಿ ಹೋಮ್ ಸ್ಕೂಲಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಪ್ಪಿತವಾದ ಹೆಸರೇ ಇಲ್ಲ. ‘ಮನೆಪಾಠ’ ಎಂದರೆ ಟ್ಯೂಷನ್ ಎಂದೇ ಅರ್ಥ. ಮನೆಯಲ್ಲಿ ಶಿಕ್ಷಣ ಎಂಬುದು ಮಹಾನಗರದ ಸುಶಿಕ್ಷಿತ ದಂಪತಿಗಳ ಹವ್ಯಾಸ, ಹಳ್ಳಿಗಾಡಿನ ಏಳನೆಯ ತರಗತಿ ಓದಿದ ತಾಯಿಗೆ ಅದು ನಿಲುಕದ್ದು ಎಂಬ ಭಾವನೆ ಬಲವಾಗಿದೆ. ಶಾಲಾಪೂರ್ವ ವಯಸ್ಸಿನ ಮಟ್ಟಿಗೆ ಈ ಭಾವನೆ ಆಧಾರವಿಲ್ಲದ್ದು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಈ ವಯಸ್ಸಿನ ಮಗುವಿಗೆ ಬೇಕಾದ ಬಹುಪಾಲು ಸಾಮಗ್ರಿ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಇದೆ. ಕೊರತೆಯಿರುವುದು ಆತ್ಮವಿಶ್ವಾಸಕ್ಕೆ ಮತ್ತು ದಿನದ ಒಂದು ಗಂಟೆಯ ಬಿಡುವಿಗೆ.

ಮೊದಲು ಕಾನೂನಿನ ಮಾತು. 2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನ ಮೂಲಭೂತ ಹಕ್ಕಾಗಿಸಿದ್ದು 6ರಿಂದ 14 ವರ್ಷದವರ ಶಿಕ್ಷಣವನ್ನು. ಆರು ತುಂಬದ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಸರ್ಕಾರ ಪ್ರಯತ್ನಿಸಬೇಕೆಂದು 45ನೇ ವಿಧಿ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಪ್ರಕರಣವೂ ಮೂರರಿಂದ ಆರು ವರ್ಷದವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಬಹುದೆಂದಷ್ಟೇ ಹೇಳುತ್ತದೆ. ಅಂದರೆ ಆರು ತುಂಬುವವರೆಗೆ ಮಗುವನ್ನು ಎಲ್‌ಕೆಜಿ, ಯುಕೆಜಿಗೆ ಸೇರಿಸಲೇಬೇಕೆಂಬ ಕಡ್ಡಾಯವನ್ನು ಈ ಕಾಯ್ದೆ ಹೇರಿಲ್ಲ. ಆರು ತುಂಬಿದ ಮೇಲೆ ಪರಿಸ್ಥಿತಿ ಬೇರೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಕಾಯ್ದೆಯ 10ನೇ ಪ್ರಕರಣ ಹೇಳುತ್ತದೆ. ಮನೆಯಲ್ಲೇ ಶಿಕ್ಷಣ ಮುಂದುವರಿಸುವ ವಿಚಾರವಾಗಿ ಕಾಯ್ದೆ ಮೌನವಾಗಿದೆ. ಆದ್ದರಿಂದ ನಾನಿಲ್ಲಿ ಪ್ರಸ್ತಾಪಿಸುತ್ತಿರುವುದು ಶಾಲೆಗೆ ಪರ್ಯಾಯವನ್ನಲ್ಲ, ಶಾಲೆಗೆ ಮುಂಚಿನ ಎರಡು ಮೂರು ವರ್ಷಗಳ ಸದ್ಬಳಕೆಯನ್ನು.

ಶಿಶುಶಿಕ್ಷಣದ ಇತಿಹಾಸವೂ ಮನೆಯ ಪರವಾಗಿಯೇ ಮಾತನಾಡುತ್ತದೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಆರಂಭಿಸಿ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ ಸಂಸ್ಥೆಯಲ್ಲಿ ಮಕ್ಕಳು ಮಾಡುತ್ತಿದ್ದುದು ಆಟ, ಹಾಡು, ತೋಟಗಾರಿಕೆ. 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ವೈದ್ಯೆ ಮಾರಿಯಾ ಮಾಂಟೆಸೊರಿ ತೆರೆದ ಶಿಶುಗೃಹದ ಹೆಸರೇ ‘ಮಕ್ಕಳ ಮನೆ’. ನೀರು ಸುರಿಯುವುದು, ಗುಂಡಿ ಹಾಕುವುದು, ಕಸ ಗುಡಿಸುವುದು, ಕಾಳು ವಿಂಗಡಿಸುವುದು ಆಕೆಯ ಪದ್ಧತಿಯ ಮೊದಲ ಪಾಠಗಳು. ಗುಜರಾತಿನಲ್ಲಿ ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಅವರು ಸ್ವಂತ ಮಗನ ಶಿಕ್ಷಣದ ಚಿಂತೆಯಿಂದಲೇ ಮಾಂಟೆಸೊರಿಯ ಗ್ರಂಥಗಳತ್ತ ಹೊರಳಿ, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಸ್ಥಾಪಿಸಿದರು. ಮಾಂಟೆಸೊರಿ ಹೆಸರಿನ ಫಲಕದ ಕೆಳಗೆ ಮೂರು ವರ್ಷದ ಮಗುವಿನ ಕೈಯಲ್ಲಿ ನಾಲ್ಕು ಗೆರೆಯ ಪುಸ್ತಕ ತುಂಬಿಸುವ ನಮ್ಮ ಪಟ್ಟಣಗಳ ಶಿಶುವಿಹಾರಗಳಿಗಿಂತ, ಅಜ್ಜಿಯ ಪಕ್ಕ ಕುಳಿತು ಕಡಲೆಕಾಯಿ ಸುಲಿಯುವ ಮಗುವೇ ಆ ತತ್ತ್ವಕ್ಕೆ ಹೆಚ್ಚು ಹತ್ತಿರವಾಗಿದೆ.

ಅರ್ಥಶಾಸ್ತ್ರದ ಪುರಾವೆಯನ್ನೂ ನೋಡೋಣ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಿಂದ 1967ರವರೆಗೆ 123 ಬಡ ಮಕ್ಕಳನ್ನು ಒಳಗೊಂಡ ಪೆರಿ ಶಿಶುಶಾಲಾ ಪ್ರಯೋಗ ನಡೆಯಿತು. ಶಿಕ್ಷಣ ಪಡೆದವರನ್ನೂ ಪಡೆಯದವರನ್ನೂ ದಶಕಗಳ ಕಾಲ ಹಿಂಬಾಲಿಸಿದ ಅಂಕಿ ಅಂಶಗಳನ್ನು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ವಿಶ್ಲೇಷಿಸಿ, ಆ ಹೂಡಿಕೆಯಿಂದ ಸಮಾಜಕ್ಕೆ ದೊರೆತ ಪ್ರತಿಫಲ ವಾರ್ಷಿಕ ಶೇ 7ರಿಂದ 10ರಷ್ಟೆಂದು ಅಂದಾಜಿಸಿದರು. ಈ ಪ್ರಯೋಗದ ಒಂದು ಅಂಶವನ್ನು ಉಲ್ಲೇಖಿಸುವವರು ವಿರಳ: ಶಿಕ್ಷಕಿಯರು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಿ ತಾಯಿಯೊಡನೆ ಸುಮಾರು ಒಂದೂವರೆ ಗಂಟೆ ಕಳೆಯುತ್ತಿದ್ದರು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗದಲ್ಲಂತೂ ಶಾಲೆಯೇ ಇರಲಿಲ್ಲ. ಬೆಳವಣಿಗೆ ಕುಂಠಿತವಾದ, ಎರಡು ವರ್ಷದೊಳಗಿನ ಕಂದಮ್ಮಗಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಂದು ಗಂಟೆ ಹೋಗಿ, ಮಗುವಿನೊಡನೆ ಹೇಗೆ ಆಡಬೇಕು, ಮಾತನಾಡಬೇಕು ಎಂಬುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ, ಇಂಥ ಭೇಟಿ ದೊರೆಯದ ಮಕ್ಕಳ ಗಳಿಕೆಗಿಂತ ಶೇ 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆ ತಾಯಂದಿರು ಪದವೀಧರೆಯರಲ್ಲ, ಬಡ ಕುಟುಂಬದವರು.

ಹಾಗಾದರೆ ಆರಂಭಿಸುವುದು ಹೇಗೆ? ಮೊದಲ ಹೆಜ್ಜೆ ಮಾತು, ಅದೂ ಮನೆಯ ಮಾತು. ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದಿದೆ. ಅಲ್ಲಿನ ಅನೇಕ ಮನೆಗಳ ಮಾತು ತೆಲುಗು. ಮಧುಗಿರಿಯ ಗಡಿ ಗ್ರಾಮಗಳಲ್ಲೂ ಹಾಗೆಯೇ. ಶಿರಾ ಪಟ್ಟಣದಲ್ಲಿ ಉರ್ದು ಮಾತನಾಡುವ ಕುಟುಂಬಗಳು ಗಣನೀಯ. ಇಂಥ ಮನೆಗಳ ಮಗು ಮೂರನೆಯ ವಯಸ್ಸಿಗೆ ಅರ್ಥವಾಗದ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡುವಾಗ ಪೋಷಕರಿಗೆ ಹೆಮ್ಮೆಯಾಗುತ್ತದೆ. ಆದರೆ ಮಗುವಿನ ಆಲೋಚನೆ ಬೆಳೆಯುವುದು ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ. ಮಗುವಿಗೆ ಕಲಿಸಲು ಮಾತೃಭಾಷೆಯೇ ಅತ್ಯುತ್ತಮ ಮಾಧ್ಯಮವೆಂದು ಯುನೆಸ್ಕೊ ವರದಿ ಹೇಳಿದ್ದು 1953ರಲ್ಲಿ. ಶಾಲಾ ಮಾಧ್ಯಮದ ಬಗ್ಗೆ ನಮ್ಮ ರಾಜ್ಯದಲ್ಲಿ ದಶಕಗಳ ಕಾಲ ವ್ಯಾಜ್ಯ ನಡೆದು, ಸರ್ಕಾರ ಅದನ್ನು ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಮನೆಯ ಮಾತಿನ ಬಗ್ಗೆ ಯಾವ ವ್ಯಾಜ್ಯವೂ ಇಲ್ಲ. ತೆಲುಗಿನಲ್ಲಿ ಕಥೆ ಕೇಳಿ ಬೆಳೆದ ಮಗು ಕನ್ನಡವನ್ನೂ ಮುಂದೆ ಇಂಗ್ಲಿಷನ್ನೂ ಕಲಿಯಲು ಹಿಂದೆ ಬೀಳುವುದಿಲ್ಲ. ಯಾವ ಭಾಷೆಯಲ್ಲೂ ಕಥೆ ಕೇಳದ ಮಗುವಿಗೆ ಎಲ್ಲ ಭಾಷೆಯೂ ಕಷ್ಟ.

ಮಾತೆಂದರೆ ಆಜ್ಞೆಯಲ್ಲ. ‘ಬಾ, ಕೂತ್ಕೊ, ತಿನ್ನು, ಸುಮ್ನಿರು’ ಎಂಬ ನಾಲ್ಕು ಮಾತುಗಳಲ್ಲೇ ದಿನ ಮುಗಿಸುವ ಮನೆಗಳು ಪಟ್ಟಣಗಳಲ್ಲೂ ಇವೆ. ಸಂತೆಯಿಂದ ಬಂದ ತಾಯಿ ಚೀಲ ಬಿಚ್ಚುತ್ತ ಏನೇನು ತಂದೆನೆಂದು ಮಗುವಿಗೆ ಹೇಳುವುದು, ತಂದೆ ಬೋರ್‌ವೆಲ್ ಮೋಟಾರು ಯಾಕೆ ಕೆಟ್ಟಿತೆಂದು ವಿವರಿಸುವುದು, ಮಗುವಿನ ‘ಯಾಕೆ’ಗೆ ಮತ್ತೊಂದು ಪ್ರಶ್ನೆಯ ಮೂಲಕ ಉತ್ತರಿಸುವುದು, ರಾತ್ರಿ ಒಂದು ಕಥೆ, ಒಂದೆರಡು ಒಗಟು ಹೇಳುವುದು: ಭಾಷಾಪಾಠವೆಂದರೆ ಇಷ್ಟೇ. ಪುಸ್ತಕ ಬೇಕೆನ್ನುವವರಿಗೆ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಮುಂತಾದವು ಕಡಿಮೆ ಬೆಲೆಯ ಸಚಿತ್ರ ಪುಸ್ತಕಗಳನ್ನು ತಂದಿವೆ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ, ತೆಲುಗು, ಉರ್ದು ಕಥೆಗಳು ಉಚಿತವಾಗಿ ದೊರೆಯುತ್ತವೆ. ಓದು ಬಾರದ ಅಜ್ಜಿಯೂ ಚಿತ್ರ ನೋಡಿ ಕಥೆ ಕಟ್ಟಿ ಹೇಳಬಲ್ಲಳು. ಮಗುವಿಗೆ ಅದರಿಂದ ನಷ್ಟವೇನೂ ಇಲ್ಲ.

ಎರಡನೆಯದು ಕೈಬೆರಳು. ಪೆನ್ಸಿಲ್ ಹಿಡಿಯುವ ಮುನ್ನ ಬೆರಳುಗಳಿಗೆ ಬಲ ಮತ್ತು ಹದ ಬರಬೇಕು. ಕೆರೆಯ ಮಣ್ಣು, ನಾದಿದ ಹಿಟ್ಟು, ಹೂ ಪೋಣಿಸುವ ದಾರ, ಅವರೆಕಾಳು ಬಿಡಿಸುವುದು, ಅಂಗಳದ ರಂಗೋಲಿಯ ಚುಕ್ಕಿಗಳು ಈ ತಾಲೀಮನ್ನು ಕೊಡುತ್ತವೆ. ನಮ್ಮ ಹಿಂದಿನವರು ಸ್ಲೇಟಿಗೆ ಮುನ್ನ ಮರಳಿನ ಮೇಲೆ ಬೆರಳಿನಿಂದ ಬರೆಸುತ್ತಿದ್ದುದರ ಹಿಂದೆಯೂ ಈ ತಿಳಿವಳಿಕೆ ಇದ್ದಂತಿದೆ.

ಮೂರನೆಯದು ಎಣಿಕೆ. ನೂರರವರೆಗೆ ಅಂಕಿಗಳನ್ನು ಉಸಿರು ಬಿಡದೆ ಒಪ್ಪಿಸುವ ಮಗು, ಏಳು ಬೀಜ ಎತ್ತಿಕೊಡೆಂದರೆ ತಡವರಿಸುವುದನ್ನು ಕಾಣುತ್ತೇವೆ. ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಹುಣಸೆ ಮತ್ತು ಕಡಲೆಕಾಯಿ ಈ ಸೀಮೆಯ ಬೆಳೆಗಳು. ಗಣಿತದ ಉಪಕರಣಗಳಾಗಿಯೂ ಅವು ಸಾಕು. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆ ಬೀಜ ಹಂಚುತ್ತ ಹೋಗುವ ಮಗು ಸಂಕಲನ, ವ್ಯವಕಲನ, ಸಮಭಾಗ ಮೂರನ್ನೂ ಕೈಯಾರೆ ಕಲಿಯುತ್ತದೆ. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಚೌಕಾಬಾರದ ದಾಳ ಸಿದ್ಧ. ಕಡಲೆಕಾಯಿಯಲ್ಲಿ ಸಾಮಾನ್ಯವಾಗಿ ಎರಡು ಬೀಜ, ಕೆಲವೊಮ್ಮೆ ಒಂದು, ಅಪರೂಪಕ್ಕೆ ಮೂರು. ಹತ್ತು ಕಾಯಿ ಸುಲಿದರೆ ಎಷ್ಟು ಬೀಜ ಬರಬಹುದೆಂದು ಊಹಿಸಿ, ಸುಲಿದು ನೋಡುವುದು ಸೊಗಸಾದ ಆಟ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಪಾವಿಗೆ ಒಂದು ಸೇರು ಎಂಬುದನ್ನು ಅಳೆದೇ ತಿಳಿಯಬೇಕು. ಒಂದೇ ಎಚ್ಚರಿಕೆ: ಮೂರು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಈ ಬೀಜಗಳು ಸಿಗಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಂಟು.

ಅಕ್ಷರ ಬರುವುದು ಇವೆಲ್ಲದರ ನಂತರ. ಐದು ದಾಟಿದ ಮಗು ತಾನಾಗಿ ಆಸಕ್ತಿ ತೋರಿದರೆ ಆರಂಭಿಸಬಹುದು. ಐವತ್ತು ಅಕ್ಷರಗಳ ಮಾಲೆಯನ್ನು ಕ್ರಮವಾಗಿ ಒಪ್ಪಿಸಿದ ಮೇಲೆಯೇ ಓದು ಎಂಬ ಹಳೆಯ ಪದ್ಧತಿಯನ್ನು ನಮ್ಮ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಕೈಬಿಟ್ಟು ಬಹುಕಾಲವಾಯಿತು. ಅದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಇಷ್ಟರಿಂದಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಕೈಗೆ ಬರುತ್ತವೆ. ಮೊದಲ ವಾರದಲ್ಲೇ ಓದಿದ ಸಂತೋಷ ಮಗುವಿಗೆ ಸಿಗುತ್ತದೆ. ಜ, ವ, ಮ, ಬ, ನ ಸೇರಿದರೆ ಮರ, ಜನ, ಬಸವ. ಅಕ್ಷರ ಬಲ್ಲ ಯಾವ ತಾಯಿಯೂ ಈ ಕ್ರಮವನ್ನು ಅನುಸರಿಸಬಹುದು.

ಹೊರಗಿನ ಪ್ರಪಂಚವೂ ಪಠ್ಯವೇ. ಮಧುಗಿರಿಯ ಏಕಶಿಲಾ ಬೆಟ್ಟ, ಮೈದನಹಳ್ಳಿಯ ಬಯಲಿನ ಕೃಷ್ಣಮೃಗಗಳು, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು, ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳು, ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13 ಸಾವಿರ ಎಕರೆಯಲ್ಲಿ ಹಬ್ಬಿರುವ ಸೌರ ಫಲಕಗಳು: ಇವೆಲ್ಲ ಇಲ್ಲಿನ ಮಕ್ಕಳ ನೆರೆಹೊರೆ. ಬೆಂಗಳೂರಿನ ಶಾಲೆಗಳು ಪ್ರವಾಸಕ್ಕೆಂದು ಬಸ್ಸು ಹತ್ತಿಸಿ ಮಕ್ಕಳನ್ನು ಕರೆತರುವ ಸ್ಥಳಗಳನ್ನು ಇಲ್ಲಿನ ಮಕ್ಕಳು ಶಾಲಾ ವ್ಯಾನಿನ ಕಿಟಕಿಯಿಂದ ತೂಕಡಿಸುತ್ತ ದಾಟಿ ಹೋಗುತ್ತಿರುವುದು ವಿಪರ್ಯಾಸ.

ಇವೆಲ್ಲಕ್ಕೆ ಬೇಕಾದ ಸಮಯವೆಷ್ಟು? ಒಂದೇ ಪಟ್ಟಿನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಅಂಥ ನಾಲ್ಕು ಅವಧಿಗಳು ದಿನಕ್ಕೆ ಧಾರಾಳ. ಉಳಿದದ್ದು ಆಟ, ಊಟ, ನಿದ್ರೆ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಮಗು ಹೊಸದಾಗಿ ಆಡಿದ ಮಾತು, ಮಾಡಿದ ಕೆಲಸ ಬರೆದಿಟ್ಟರೆ ಅದೇ ಪ್ರಗತಿ ಪತ್ರ. ಬಿಡುವಿನ ಹೆಸರಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಟ್ಟು ಅದನ್ನು ಶಿಕ್ಷಣವೆನ್ನಬಾರದು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ. ಮುಂದಿನ ಪ್ರವೇಶಕ್ಕೆ ಜನನ ಪ್ರಮಾಣ ಪತ್ರ ಸರಿಯಾಗಿರಲಿ. ಆಯಾ ವರ್ಷದ ವಯೋಮಿತಿಯ ಸುತ್ತೋಲೆಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಲಿ.

ಮಗುವಿಗೆ ಓರಗೆಯವರೂ ಬೇಕು. ಒಂಟಿ ಮಗು ಸರದಿಗಾಗಿ ಕಾಯುವುದನ್ನು, ಸೋಲುವುದನ್ನು, ಜಗಳವಾಡಿ ರಾಜಿಯಾಗುವುದನ್ನು ಕಲಿಯಲಾರದು. ಇಲ್ಲಿ ಅಂಗನವಾಡಿಯ ಪಾತ್ರ ದೊಡ್ಡದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇಂದು ಅಂಗನವಾಡಿ ಊರೂರಿನಲ್ಲಿದೆ. ಅಲ್ಲಿ ಊಟವಿದೆ, ತೂಕ ನೋಡುತ್ತಾರೆ, ‘ಚಿಲಿಪಿಲಿ’ ಎಂಬ ಚಟುವಟಿಕೆಯಾಧಾರಿತ ಪಠ್ಯಕ್ರಮವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳ ತಪಾಸಣೆ ನಡೆಸಬೇಕೆಂಬ ನಿಯಮವಿದೆ. ಮಂದ ಕಿವಿ, ಮಂದ ದೃಷ್ಟಿ ಇಂಥ ತಪಾಸಣೆಯಲ್ಲಿ ಗೊತ್ತಾಗುತ್ತವೆ. ಮನೆಯಲ್ಲಿ ಕಲಿಸುವವರೂ ಮಗುವಿನ ಹೆಸರನ್ನು ಅಂಗನವಾಡಿಯಲ್ಲಿ ನೋಂದಾಯಿಸಿ ದಿನದ ಕೆಲವು ಗಂಟೆ ಕಳುಹಿಸುವುದು ವಿವೇಕ. ಮನೆ ಮತ್ತು ಅಂಗನವಾಡಿ ಪರಸ್ಪರ ಪೂರಕವೇ ಹೊರತು ಸ್ಪರ್ಧಿಗಳಲ್ಲ.

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಮನೆಯ ಶಿಕ್ಷಣಕ್ಕೆ ಶುಲ್ಕವಿಲ್ಲ, ಆದರೆ ಅದು ಪುಕ್ಕಟೆಯಲ್ಲ. ಅದರ ಬೆಲೆ ಬಹುತೇಕ ತಾಯಿಯ ಸಮಯ. ಕಡಲೆಕಾಯಿ ಬಿತ್ತನೆಯ ಮುಂಗಾರಿನಲ್ಲಿ, ಕೀಳುವ ಸುಗ್ಗಿಯಲ್ಲಿ ಕೂಲಿಗೆ ಹೋಗುವ ಹೆಂಗಸಿಗೆ ಹದಿನೈದು ನಿಮಿಷದ ನಾಲ್ಕು ಅವಧಿಗಳನ್ನು ಉಪದೇಶಿಸುವುದು ಸುಲಭ, ಆಕೆಗೆ ಅವು ಸಿಗುವುದು ಕಷ್ಟ. ಆಕೆಗೆ ಮನೆಯ ಶಾಲೆಗಿಂತ ಸಂಜೆಯವರೆಗೆ ತೆರೆದಿರುವ ಒಳ್ಳೆಯ ಅಂಗನವಾಡಿ ಮುಖ್ಯ. ಉಳಿದ ಮನೆಗಳಲ್ಲೂ ಹೊಣೆ ತಾಯಿಯೊಬ್ಬಳ ಮೇಲೆ ಬೀಳಬಾರದು. ಸಂಜೆ ಕಟ್ಟೆಯ ಮೇಲೆ ಕೂರುವ ಅಜ್ಜ, ರಾತ್ರಿ ಮೊಬೈಲ್ ಹಿಡಿಯುವ ತಂದೆ ಇವರ ಪಾಲೂ ಇರಬೇಕು. ಜಮಾಖರ್ಚಿನ ಪುಸ್ತಕದಲ್ಲಿ ಹೆಂಗಸಿನ ಶ್ರಮವನ್ನು ಸೊನ್ನೆಯೆಂದು ಬರೆದು ಲಾಭ ತೋರಿಸುವುದು ಕೆಟ್ಟ ಅರ್ಥಶಾಸ್ತ್ರ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಮನೆಯೇ ಸಾಕೆಂಬ ವಾದ ಸರ್ಕಾರಕ್ಕೆ ಹಿಂದೆ ಸರಿಯುವ ನೆಪವಾಗಬಾರದು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೀದಿಗಿಳಿದರು. ಒಂದೇ ಮಗುವಿಗಾಗಿ ಎರಡು ಇಲಾಖೆಗಳು ಪೈಪೋಟಿ ನಡೆಸುವ ಬದಲು ಅವು ಮಾಡಬಹುದಾದ ಕೆಲಸಗಳಿವೆ. ವಯೋಮಿತಿಯ ನಿರ್ಧಾರವನ್ನು ಒಂದು ವರ್ಷ ಮುಂಚಿತವಾಗಿ ಪ್ರಕಟಿಸಿ ಅದಕ್ಕೆ ಅಂಟಿಕೊಳ್ಳಬೇಕು. ತಿಂಗಳಿಗೊಂದು ದಿನ ಅಂಗನವಾಡಿಯಲ್ಲಿ ತಂದೆ-ತಾಯಂದಿರಿಗೆ ಮುಂದಿನ ನಾಲ್ಕು ವಾರ ಮನೆಯಲ್ಲಿ ಮಾಡಬಹುದಾದ ಚಟುವಟಿಕೆಗಳನ್ನು ಮಾಡಿ ತೋರಿಸಬೇಕು. ಗಡಿ ಗ್ರಾಮಗಳಿಗಾಗಿ ಆ ಚಟುವಟಿಕೆಗಳ ಹಾಳೆಗಳನ್ನು ತೆಲುಗು ಮತ್ತು ಉರ್ದುವಿನಲ್ಲೂ ಮುದ್ರಿಸಬೇಕು. ಕಾರ್ಯಕರ್ತೆಯರನ್ನು ಸಮೀಕ್ಷೆ, ಮತದಾರರ ಪಟ್ಟಿಗಳ ಕೆಲಸದಿಂದ ಬಿಡುಗಡೆ ಮಾಡದಿದ್ದರೆ ಇದಾವುದೂ ನಡೆಯದು.

ಇದು ದುಬಾರಿ ಯೋಜನೆಯಲ್ಲ, ಇಡೀ ರಾಜ್ಯದಲ್ಲಿ ಏಕಕಾಲಕ್ಕೆ ಆರಂಭವಾಗಬೇಕಾಗಿಯೂ ಇಲ್ಲ. ‘ನಲಿ-ಕಲಿ’ಯನ್ನೇ ನೋಡಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಅದು ಹೆಗ್ಗಡದೇವನಕೋಟೆ ಎಂಬ ಹಿಂದುಳಿದ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಆರಂಭವಾಯಿತು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಮಧುಗಿರಿಗೆ ತನ್ನದೇ ಶೈಕ್ಷಣಿಕ ಜಿಲ್ಲೆಯ ಆಡಳಿತವಿದೆ, ಉಪನಿರ್ದೇಶಕರ ಕಚೇರಿಯಿದೆ, ಮೂರು ಭಾಷೆಗಳ ಮನೆಗಳಿವೆ. ನಾಲ್ಕು ತಾಲ್ಲೂಕುಗಳಲ್ಲಿ ತಲಾ ಹತ್ತು ಅಂಗನವಾಡಿಗಳನ್ನು ಆಯ್ದುಕೊಂಡು ಬರುವ ಜೂನ್‌ನಿಂದಲೇ ಈ ಪ್ರಯೋಗ ಆರಂಭಿಸಲು ವಿಧಾನಸಭೆಯ ಅನುಮೋದನೆ ಬೇಕಿಲ್ಲ, ಎರಡು ಇಲಾಖೆಗಳ ಅಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತರೆ ಸಾಕು. ತಂದೆ-ತಾಯಂದಿರಂತೂ ಅಷ್ಟಕ್ಕೂ ಕಾಯಬೇಕಾಗಿಲ್ಲ. ಅವರು ಇಂದು ಸಂಜೆಯೇ ಒಂದು ಕಥೆಯಿಂದ ಆರಂಭಿಸಬಹುದು.